ಯಂಕತ್ತಿ ಜಾರಿ ಬಿದ್ದ ರಸ್ತೆ

ದಿಲ್‌ಸುಖ್‌ನಗರ, ಹೈದರಾಬಾದ್
ಭಾನುವಾರ, ೧೫ ಸೆಪ್ಟೆಂಬರ್ ೨೦೦೨

ನನ್ನ ಯಂಕತ್ತಿಗೆ, ನಿನ್ನ ಸೆರಗು ಹಿಡಿದುಕೊಂಡೇ ಬೆಳೆದ ಭಾಗ್ಯಶ್ರೀಯ ಶರಣು.

ಮೊದಲು ನಿನ್ನ ಸೊಸೆಗೆ ಒಂದು ಮಾತು. ಗೋದಾವರೀ, ಈ ಪತ್ರವನ್ನು ಅತ್ತೆಗೆ ಓದಿ ಹೇಳುವವಳು ನೀನೇ ಎಂದು ನನಗೆ ಗೊತ್ತು. ಭಜಿ ಕರಿಯುವ ಹೊತ್ತಿನಲ್ಲಿ ಓದಬೇಡ. ಆಕೆ ಅರ್ಧಕ್ಕೇ ಎದ್ದು ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಮಧ್ಯಾಹ್ನ ಒಲೆ ಆರಿಸಿದ ಮೇಲೆ ಆಕೆಯನ್ನು ಬಾಗಿಲಲ್ಲಿ ಕೂರಿಸಿಕೊಂಡು ಜೋರಾಗಿ ಓದು. ನಾನು ಎಲ್ಲೆಲ್ಲಿ ಆಕೆಯನ್ನು ಬೈದಿದ್ದೇನೋ ಅಲ್ಲಿ ಇನ್ನೂ ಸ್ವಲ್ಪ ಜೋರಾಗಿ ಓದು. ಯಾವುದನ್ನೂ ನುಂಗಬೇಡ.

ಯಂಕತ್ತೀ, ಹೋದ ತಿಂಗಳು ನಾನು ಫೋನ್ ಮಾಡಿದಾಗ ನೀನು ರಿಸೀವರನ್ನು ತಲೆಕೆಳಗಾಗಿ ಹಿಡಿದುಕೊಂಡು, "ಉಂಡ್ಯಾ? ಏ ಭಾಗೀ, ಉಂಡ್ಯಾ?" ಎಂದು ಮೂರು ಸಲ ಕೂಗಿ, ನಾನು ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟೆ. ಉಂಡಿದ್ದೆ ತಾಯಿ. ಆವತ್ತೂ ಉಂಡಿದ್ದೆ, ಇವತ್ತೂ ಉಂಡು ಕೈ ತೊಳೆದುಕೊಂಡೇ ಪೆನ್ನು ಹಿಡಿದಿದ್ದೇನೆ. ಆದರೆ ನಾನು ಈಗ ಹೇಳಬೇಕಾದ ಸುದ್ದಿ ಫೋನಿನಲ್ಲಿ ಹಿಡಿಸುವುದಿಲ್ಲ. ಇದನ್ನು ನೀನು ಕೂತು ಕೇಳಬೇಕು. ನಡುವೆ "ಹೌದೇನ!" ಎಂದು ತೊಡೆ ತಟ್ಟಿಕೊಳ್ಳಬೇಕು.

ಸುದ್ದಿ ಏನೆಂದರೆ, ಈ ವಾರ ನಾನು ಕೆಲಸ ಕಳೆದುಕೊಳ್ಳುವುದರಲ್ಲಿದ್ದೆ. ಎದೆ ಹಿಡಿದುಕೊಳ್ಳಬೇಡ, ಕಳೆದುಕೊಳ್ಳಲಿಲ್ಲ. ಕೆಲಸ ಉಳಿದದ್ದು ನಿನ್ನಿಂದ. ಕೆಲಸಕ್ಕೆ ಕುತ್ತು ಬಂದದ್ದೂ ನಿನ್ನಿಂದಲೇ.

ಮೊದಲಿನಿಂದ ಹೇಳುತ್ತೇನೆ. ಮಾದಾಪುರದ ಆಚೆ ನಾವು ಡೇರೆ ಹಾಕಿದ್ದ ಬಯಲು ನಿನಗೆ ನೆನಪಿದೆಯಲ್ಲ? ಎಲ್ಲಿ ನೋಡಿದರೂ ಬಂಡೆ, ಸೀತಾಫಲದ ಗಿಡ, ಕುರಿ ಕಾಯುವವರು. ನೀನು ಅಲ್ಲಿ ನಿಂತು, "ಈ ಕಲ್ಲಿನಾಗ ಯಾರ ಬರ್ತಾರಂತ ಈ ಸರಕಾರ ಸಡಕ ಮಾಡಸಾಕತ್ತೈತಿ?" ಎಂದು ದಿನಾ ಕೇಳುತ್ತಿದ್ದೆ. ಈಗ ಬಂದು ನೋಡು. ಕಂಪ್ಯೂಟರ್ ಕಂಪನಿಗಳು ಬಂದಿವೆ. ನೆಲದಿಂದ ಆಕಾಶದವರೆಗೆ ಗಾಜು. ಕೊರಳಲ್ಲಿ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಬಸ್ಸು ಇಳಿದು ಓಡುತ್ತಿರುತ್ತಾರೆ. ಅವರಿಗಾಗಿ ದೊಡ್ಡ ರಸ್ತೆಗಳು ಆಗುತ್ತಿವೆ. ಅಂಥ ಒಂದು ರಸ್ತೆಯ ಒಂದು ತುಂಡಿಗೆ ನಾನು ಸೂಪರ್‌ವೈಸರ್. ಆರು ತಿಂಗಳು ನೋಡುತ್ತೇವೆ, ಆಮೇಲೆ ಪರ್ಮನೆಂಟ್ ಮಾಡುವ ಮಾತು ಎಂದು ಹೇಳಿಯೇ ತೆಗೆದುಕೊಂಡಿದ್ದರು. ಆ ಆರು ತಿಂಗಳು ಈ ತಿಂಗಳಿಗೆ ಮುಗಿಯಿತು.

ನಮ್ಮ ರಸ್ತೆಯನ್ನು ಮಷೀನು ಮಾಡುತ್ತದೆ. ಜಲ್ಲಿಕಲ್ಲಿನ ಖಡಿ ಹರಡುವುದಕ್ಕೆ ಒಂದು, ಕೆರೆಯುವುದಕ್ಕೆ ಒಂದು, ಡಾಂಬರಿಗೆ ಒಂದು. ಆದರೆ ಒಂದು ಜಾಗದಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಇನ್ನೂ ಕೀಳದ ಕರೆಂಟ್ ಕಂಬ. ಮಷೀನು ತಿರುಗಲಿಲ್ಲ. ಮುನ್ನೂರು ಅಡಿ ಹಾಗೇ ಉಳಿಯಿತು. ನಮ್ಮ ಮ್ಯಾನೇಜರ್ ರಾಮದಾಸ ಸಾಹೇಬರು ತಲೆ ಕೆರೆದುಕೊಂಡು, "ಹಾಥ್ ಸೇ ಕರ್ನೇವಾಲೇ ಅಬ್ ಕಹಾಂ ಮಿಲೇಂಗೇ?" ಎಂದರು. ಕೈಯಿಂದ ರಸ್ತೆ ಮಾಡುವವರು ಈಗ ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ನಾನು ಬಾಯಿ ಮುಚ್ಚಿಕೊಂಡು ಕೂರುವವಳೇ? ನಮ್ಮ ಅಪ್ಪನ ಗ್ಯಾಂಗು ಇದೆ ಸಾರ್ ಎಂದುಬಿಟ್ಟೆ. ಅವರ ಕೆಲಸಕ್ಕೆ ಯಾರು ಜವಾಬ್ದಾರಿ ಎಂದರು. ನಾನೇ ಎಂದೆ.

ಗ್ಯಾಂಗು ಎಂದರೆ ಈಗ ನಲವತ್ತು ಜನ ಇಲ್ಲ, ಅತ್ತೀ. ಹನ್ನೊಂದು ಜನ ಇದ್ದಾರೆ. ನೀನು ಮಗನ ಮದುವೆಗೆಂದು ಸೇಡಂಗೆ ಹೋದ ಮೇಲೆ ಗ್ಯಾಂಗಿಗೆ ರಸ್ತೆಯ ಕೆಲಸವೇ ಸಿಗಲಿಲ್ಲ. ಆರು ವರ್ಷ ಅಪ್ಪ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರಿಸಿದ. ಗ್ಯಾಂಗಿನ ಯಜಮಾನ, ಮುಕಾದಮ ಅಂಬಣ್ಣ ಎಂದು ಹತ್ತೂರಲ್ಲಿ ಹೆಸರು ಮಾಡಿದವನು ಕಾಲಿಂಗ್ ಬೆಲ್ ಇರುವ ಬಾಗಿಲಿನ ಮುಂದೆ ಮರಳು ಜರಡಿ ಹಿಡಿದ. ರಸ್ತೆ ಕೆಲಸ ಬಂದಿದೆ ಎಂದು ನಾನು ಹೇಳಿದಾಗ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಆಮೇಲೆ ಅಟ್ಟದ ಮೇಲಿಂದ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ತನ್ನ ಹಳೆಯ ಹಲಗೆಯನ್ನು ಇಳಿಸಿದ. ಕೆಳಗೆ ಕಮಾನಿನಂತೆ ಕೆತ್ತಿದ ಹಲಗೆ. ಅದನ್ನು ರಸ್ತೆಗೆ ಅಡ್ಡ ಇಟ್ಟರೆ ನಡುವೆ ಎತ್ತರ, ಎರಡೂ ಅಂಚಿಗೆ ಇಳಿಜಾರು ಸರಿಯಾಗಿ ಬಂದಿದೆಯೇ ಎಂದು ತಿಳಿಯುತ್ತದೆಯಲ್ಲ, ಅದೇ. ಅದಕ್ಕೆ ಎಣ್ಣೆ ಹಚ್ಚುತ್ತ ಕೂತವನ ಮುಖವನ್ನು ನೀನು ನೋಡಬೇಕಿತ್ತು.

ಗೋದಾವರಿ ಇದನ್ನೆಲ್ಲ ನೋಡಿದವಳಲ್ಲ, ಅವಳಿಗಾಗಿ ಹೇಳುತ್ತೇನೆ. ಗೋದಾವರೀ, ನಿನ್ನ ಅತ್ತೆ ಇದ್ದಾಳಲ್ಲ, ಅವಳು ನಮ್ಮ ಗ್ಯಾಂಗಿನ ನೀರಿನವಳು. ದುಡಿಯುವವರಿಗೆ ಕುಡಿಯುವ ನೀರು ಕೊಡುವುದು, ರೋಲರ್ ಓಡುವಾಗ ಖಡಿಗೆ ನೀರು ಹೊಡೆಯುವುದು ಅವಳ ಕೆಲಸ. ಎಲ್ಲಕ್ಕಿಂತ ದೊಡ್ಡ ಕೆಲಸ ಕೊನೆಯದು. ಒಂದು ತುಂಡು ರಸ್ತೆ ಮುಗಿದ ದಿನ ಗ್ಯಾಂಗಿನವರೆಲ್ಲ ಎರಡೂ ಕಡೆ ನಿಲ್ಲುತ್ತಿದ್ದರು. ಇವಳು ತುಂಬಿದ ಕೊಡ ಹೊತ್ತು ಬಂದು ರಸ್ತೆಯ ನಟ್ಟನಡುವೆ ಸುರಿಯುತ್ತಿದ್ದಳು. ನೀರು ಎರಡಾಗಿ ಸೀಳಿ, ಅರ್ಧ ಈ ಗಟಾರಕ್ಕೆ, ಅರ್ಧ ಆ ಗಟಾರಕ್ಕೆ ಓಡಬೇಕು. ಓಡಿದರೆ ರಸ್ತೆಯ ನಡುವೆ ಸರಿಯಾದ ಉಬ್ಬು ಬಂದಿದೆ ಎಂದರ್ಥ, "ಬೆನ್ನು ಬಂತು!" ಎಂದು ಕೂಗಿ ಬೆಲ್ಲ-ಪುಠಾಣಿ ಹಂಚುತ್ತಿದ್ದರು. ನಿಂತರೆ ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಅದು ನಿಂತದ್ದೇ ಇಲ್ಲ ಎಂದು ಅಪ್ಪ ಎಲ್ಲರೆದುರು ಹೇಳಿಕೊಳ್ಳುತ್ತಿದ್ದ.

ಒಂದು ಸಲ ನಿಂತಿತ್ತು. ಯಂಕತ್ತೀ, ಇಪ್ಪತ್ತೊಂದು ವರ್ಷದಿಂದ ನಾನು ಇದನ್ನು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಬಂಡ್ಲಪಲ್ಲಿಯ ರಸ್ತೆ. ನನಗೆ ಆರು ವರ್ಷ. ನನ್ನ ಅವ್ವ ತೀರಿಕೊಂಡು ಅವತ್ತಿಗೆ ಸರಿಯಾಗಿ ಒಂದು ವರ್ಷ. ಬೆಳಿಗ್ಗೆಯಿಂದ ಅಪ್ಪನ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಓವರ್ಸಿಯರ್ ಸಾಹೇಬರು ಸೈಕಲ್ ಸ್ಟ್ಯಾಂಡ್ ಹಾಕಿ ಬಂದು ನಿಂತರು. ನೀನು ಮೊದಲು ಒಂದು ಚೊಂಬಿನಷ್ಟು ಸುರಿದೆ. ನಡುವೆ ಅಂಗೈಯಗಲ ತಗ್ಗು ಇತ್ತು. ನೀರು ಅಲ್ಲೇ ನಿಂತಿತು. ಸಾಹೇಬರು ಆಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನೀನು ನೀರು ನೋಡಿದೆ, ಅಪ್ಪನನ್ನು ನೋಡಿದೆ. ಆಮೇಲೆ ಏನು ಮಾಡಿದೆ ಗೊತ್ತೇ? ಸೊಂಟದಿಂದ ನಿನ್ನ ಎಲೆ-ಅಡಿಕೆಯ ಚಂಚಿ ತೆಗೆದು ಪಕ್ಕದ ಕಲ್ಲಿನ ಮೇಲೆ ಜೋಪಾನವಾಗಿ ಇಟ್ಟೆ. ಎರಡು ಹೆಜ್ಜೆ ಇಟ್ಟೆ. "ಅಯ್ಯಯ್ಯೋ ಯಪ್ಪಾ!" ಎಂದು ಕೊಡದ ಸಮೇತ ಆ ತಗ್ಗಿನ ಮೇಲೇ ಧೊಪ್ಪೆಂದು ಬಿದ್ದೆ.

ನೀರು ಎಲ್ಲೆಲ್ಲೂ ಚೆಲ್ಲಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಕ್ಕು, "ಸಾಕು ಬಿಡವ್ವಾ, ಸಡಕ ಪಾಸ್" ಎಂದು ಸೈಕಲ್ ಹತ್ತಿ ಹೋದರು. ಅವರು ತಿರುವು ದಾಟಿದ್ದೇ ತಡ, ಒದ್ದೆ ಸೀರೆಯಲ್ಲೇ ಎದ್ದು ನಿಂತು ನೀನು ಅಪ್ಪನ ಮೇಲೆ ಹಾರಿಬಿದ್ದೆ. "ಏನ್ ನೋಡಾಕತ್ತಿ ಮುಕಾದಮಾ? ಗುದ್ದಲಿ ತಗೋ. ಸೂರ್ಯಾ ಮುಳುಗೂದ್ರಾಗ ಇದನ್ನ ಎಬ್ಬಿಸಿ ಮತ್ತ ಕೂಡಸು. ಮಳಿ ಏನ್ ಕನ್ನಡಕ ಒರಸ್ಕೋತ ನಿಂದ್ರಂಗಿಲ್ಲ." ಅಪ್ಪ ಗುದ್ದಲಿ ತೆಗೆದುಕೊಂಡ. ನೀನು ಮೂರು ತಿಂಗಳು ಸೊಂಟ ಹಿಡಿದುಕೊಂಡು ಓಡಾಡಿದೆ. ಯಂಕಿ ಜಾರಿ ಬಿದ್ದ ಕಥೆಯನ್ನು ಹೇಳಿಕೊಂಡು ಗ್ಯಾಂಗು ವರ್ಷಗಟ್ಟಲೆ ನಕ್ಕಿತು. ನಾನು ಮಾತ್ರ ನಗಲಿಲ್ಲ. ನಿಜವಾಗಿ ಜಾರುವವರು ಯಾರಾದರೂ ಮೊದಲು ಚಂಚಿ ತೆಗೆದಿಟ್ಟು ಜಾರುತ್ತಾರೆಯೇ? ಆರು ವರ್ಷದವಳಿಗೆ ಇಷ್ಟು ತಿಳಿಯುವುದಿಲ್ಲ ಎಂದುಕೊಂಡಿದ್ದೆಯಾ?

ಇರಲಿ, ಈ ವಾರದ ಕಥೆಗೆ ಬರುತ್ತೇನೆ. ಕೆಲಸ ಶುರುವಾಯಿತು. ಸೈಟಿನಲ್ಲಿ ಅಪ್ಪ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಸೂಪರ್‌ವೈಜರ್ ಬಾಯಿ, ಖಡಿ ಕಡಿಮಿ ಬಿದ್ದೈತ್ರಿ" ಎನ್ನುವುದು. ನಾನು "ಆಗಲಿ ಮುಕಾದಮರೇ, ತರಿಸ್ತೀನ್ರಿ" ಎನ್ನುವುದು. ಹಿಂದೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುವುದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತ್ರ ಸೂಪರ್‌ವೈಸರ್ ಹೋಗಿ ಮಗಳಾಗುತ್ತಿದ್ದೆ. ರೊಟ್ಟಿಯ ಮೆತ್ತಗಿನ ನಡುಭಾಗವೆಲ್ಲ ನನ್ನ ಕಡೆಗೇ ಬರುತ್ತಿತ್ತು.

ಹೋದ ಮಂಗಳವಾರ ಮುನ್ನೂರು ಅಡಿಯೂ ಮುಗಿಯಿತು. ಖಡಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಚಪ್ಪಲಿ ಬಿಟ್ಟು ನಡೆದೆ. ಲೆವೆಲ್ ಮಷೀನು ಇಟ್ಟು ಅಳೆಯಬೇಕಿತ್ತು. ಅಳೆಯಲಿಲ್ಲ. ಅಪ್ಪನ ಕೆಲಸಕ್ಕೆ ಮಷೀನು ಇಡುವುದೇ? ಅದರ ಬದಲು ಕೊಡ ತರಿಸಿದೆ. ನಿನ್ನ ಜಾಗದಲ್ಲಿ ನಾನೇ ನಿಂತೆ ಅತ್ತೀ. ನಟ್ಟನಡುವೆ ಸುರಿದೆ. ನೀರು ಎರಡಾಗಿ ಸೀಳಿ, ಈ ಕಡೆ ಅರ್ಧ, ಆ ಕಡೆ ಅರ್ಧ, ಅಷ್ಟು ಚೆಂದ ಓಡಿತು. "ಬೆನ್ನು ಬಂತು!" ಎಂದು ನಾನೇ ಎಲ್ಲರಿಗಿಂತ ಜೋರಾಗಿ ಕೂಗಿದೆ. ಬೆಲ್ಲ-ಪುಠಾಣಿ ಹಂಚಿದೆ. ಅಷ್ಟಕ್ಕೇ ಸುಮ್ಮನಿರದೆ ಆಫೀಸಿಗೆ ಹೋಗಿ, ನಮ್ಮವರ ಕೊಡದ ಪರೀಕ್ಷೆಯನ್ನು ನೀವು ನೋಡಲೇಬೇಕು ಸಾರ್ ಎಂದು ರಾಮದಾಸ ಸಾಹೇಬರ ಮುಂದೆ ಜಂಬ ಕೊಚ್ಚಿಕೊಂಡೆ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದರು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಖೈರತಾಬಾದ್ ಹತ್ತಿರ ಒಂದು ಮಳೆ ಬಂತು. ನಡುವೆ ಡಿವೈಡರ್ ಇರುವ ರಸ್ತೆ. ಸುಮ್ಮನೆ ನೋಡುತ್ತಿದ್ದೆ. ನೀರೆಲ್ಲ ಫುಟ್‌ಪಾತಿನ ಕಡೆಗೇ ಓಡುತ್ತಿತ್ತು. ಡಿವೈಡರ್ ಕಡೆಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಹೋಗಬಾರದು, ಏಕೆಂದರೆ ಆ ಕಡೆ ಗಟಾರವಿಲ್ಲ. ಯಂಕತ್ತೀ, ನಮ್ಮದೂ ಅಂಥದೇ ರಸ್ತೆ! ಹೋಗುವುದಕ್ಕೆ ಒಂದು ಮಗ್ಗುಲು, ಬರುವುದಕ್ಕೆ ಒಂದು ಮಗ್ಗುಲು, ನಡುವೆ ಡಿವೈಡರ್. ನಾವು ಈಗ ಮಾಡಿದ್ದು ಒಂದು ಮಗ್ಗುಲು ಮಾತ್ರ. ಇನ್ನೊಂದು ಇನ್ನೂ ಶುರುವೇ ಆಗಿಲ್ಲ. ಅರ್ಧ ರಸ್ತೆಗೆ ಒಂದೇ ಕಡೆ ಇಳಿಜಾರು ಇರಬೇಕು. ನಕ್ಷೆಯಲ್ಲಿ ಹಾಗೇ ಇದೆ, ರಸ್ತೆಯ ಎತ್ತರ ತೋರಿಸುವ ಗೂಟಗಳನ್ನೂ ನಾನು ಹಾಗೇ ಹೊಡೆಸಿದ್ದೆ. ನಮ್ಮವರು ಅರ್ಧ ರಸ್ತೆಗೆ ಇಡೀ ಬೆನ್ನು ಕೊಟ್ಟಿದ್ದಾರೆ. ನಕ್ಷೆ ಗೊತ್ತಿದ್ದ ನಾನು ಕೊಡ ಸುರಿದು ಚಪ್ಪಾಳೆ ಹೊಡೆದಿದ್ದೇನೆ. ಅದರ ಮೇಲೆ ಡಾಂಬರು ಬಿದ್ದರೆ ಮಳೆಗಾಲದಲ್ಲಿ ಅರ್ಧ ನೀರು ಡಿವೈಡರಿನ ಬುಡದಲ್ಲಿ ನಿಂತು ರಸ್ತೆ ಒಡೆಯುತ್ತದೆ, ಸ್ಕೂಟರಿನವರು ಬೀಳುತ್ತಾರೆ.

ಬುಧವಾರ ಎಲ್ಲರಿಗಿಂತ ಮೊದಲು ಸೈಟಿಗೆ ಹೋಗಿ ಅಪ್ಪನನ್ನು ಬಂಡೆಯ ಹಿಂದೆ ಕರೆದೆ. ನಲವತ್ತು ವರ್ಷದಲ್ಲಿ ನಿನ್ನನ್ನು ಬಿಟ್ಟರೆ ಯಾರೂ ಆತನಿಗೆ "ನಿನ್ನ ರಸ್ತೆ ತಪ್ಪಾಗಿದೆ" ಎಂದಿಲ್ಲ. ಅಂತೂ ಹೇಳಿದೆ. ಒಂದು ಕಾಗದದ ಮೇಲೆ ಬರೆದೂ ತೋರಿಸಿದೆ. ಅಪ್ಪ ಆ ಗೆರೆಗಳ ಮೇಲೆ ಬೆರಳಾಡಿಸಿದ. "ಹಂಗಾರ ಗೂಟ ಸರಿ ಇದ್ವೇನು?" ಎಂದ. ಸರಿ ಇದ್ದವು ಎಂದೆ. ಆಗ ನೆಲ ನೋಡುತ್ತ ಹೇಳಿದ: "ದಾರ ಕಟ್ಟಿ ನೋಡಿದೆ ಭಾಗೀ. ಎಲ್ಲಾ ಒಂದ ಕಡಿ ವಾಲಿತ್ತು. ನನ್ನ ಮಗಳು ಗಡಿಬಿಡಿಯಾಗ ಗೂಟ ತಪ್ಪ ಹೊಡಿಸ್ಯಾಳ, ಸಾಹೇಬ್ರು ನೋಡಿದ್ರ ಅಕಿ ಮರ್ಯಾದಿ ಹೊಕ್ಕೈತಿ ಅಂತ ಯಾರಿಗೂ ಹೇಳದಂಗ ನಾನ ಗೂಟ ಸರಿ ಮಾಡಿಬಿಟ್ಟೆ."

ನೋಡಿದೆಯಾ ಈ ಮನುಷ್ಯನನ್ನು? ನನ್ನ ಮರ್ಯಾದೆ ಉಳಿಸುವುದಕ್ಕೆ ಗೂಟ ಸರಿಸಿದ್ದಾನೆ! ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಎರಡರಲ್ಲಿ ಯಾವುದಾದರೂ ಒಂದನ್ನು ಮಾಡಿ ಮುಗಿಸುವಷ್ಟರಲ್ಲಿ ಜೀಪು ಬಂದು ನಿಂತಿತು.

ರಾಮದಾಸ ಸಾಹೇಬರು ಕೆಟ್ಟ ಮನುಷ್ಯರಲ್ಲ. ಆದರೆ ಮೂವತ್ತು ವರ್ಷ ರಸ್ತೆ ಮಾಡಿಸಿದವರು. ನೀರು ಎರಡು ಕಡೆ ಓಡುವುದನ್ನು ಕಣ್ಣಾರೆ ಕಂಡರೆ ಅರ್ಥವಾಗದೇ ಇರುತ್ತದೆಯೇ? "ಕ್ಯಾ ಭಾಗ್ಯಶ್ರೀ, ವೋ ಘಡೇವಾಲಾ ಟೆಸ್ಟ್ ದಿಖಾವೋ," ಆ ಕೊಡದ ಪರೀಕ್ಷೆ ತೋರಿಸು ಎಂದು ಉತ್ಸಾಹದಿಂದ ರಸ್ತೆಯ ಅಂಚಿಗೆ ನಿಂತುಕೊಂಡರು. ಕೊಡದ ಕಡೆ ನಾನು ಕೈ ಹಾಕುವ ಮೊದಲೇ ಅಪ್ಪ ಮುಂದೆ ಬಂದ. "ನೀವ್ ಸರೀರಿ ಬಾಯಾರ, ನಾ ತೋರಸ್ತೀನಿ" ಎಂದ. ಅಂಗಿಯ ಜೇಬಿನಿಂದ ಬೀಡಿ ಕಟ್ಟು ತೆಗೆದ, ಬೆಂಕಿಪೆಟ್ಟಿಗೆ ತೆಗೆದ, ಎರಡನ್ನೂ ನನ್ನ ಕೈಯಲ್ಲಿಟ್ಟ. ಧೋತರದ ಕಚ್ಚೆ ಬಿಗಿ ಮಾಡಿಕೊಂಡ. ಕೊಡ ಹೆಗಲಿಗೇರಿಸಿದ.

ಬೀಡಿ ಕಟ್ಟು ಕೈಗೆ ಬಂದಾಗಲೇ ನನಗೆ ಗೊತ್ತಾಯಿತು ಅತ್ತೀ. ಬೇಡ ಅಪ್ಪಾ ಎನ್ನುವುದರೊಳಗೆ "ಅಯ್ಯಯ್ಯೋ ಯಪ್ಪಾ!" ಎಂಬ ಕೂಗು ಕೇಳಿತು. ನಿನ್ನದೇ ಕೂಗು, ನಿನ್ನದೇ ಧಾಟಿ. ಅರವತ್ತು ವರ್ಷದ ಮುಕಾದಮ ಕೊಡದ ಸಮೇತ ಖಡಿಯ ಮೇಲೆ ಅಂಗಾತ ಬಿದ್ದಿದ್ದ. ಗ್ಯಾಂಗಿನವರೆಲ್ಲ ಓಡಿ ಬಂದರು, ಆತನ ಮೀಸೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ನಗು ತಡೆಯಲಾಗದೆ ಅಲ್ಲೇ ಕೂತರು. ಸಾಹೇಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೆಟ್ಟಾಗಿಲ್ಲವಷ್ಟೇ ಎಂದು ವಿಚಾರಿಸಿ, "ಠೀಕ್ ಹೈ, ಕಲ್ ಡಾಂಬರ್ ಡಾಲೋ" ಎಂದು ಜೀಪಿನ ಕಡೆ ತಿರುಗಿದರು.

ಅಲ್ಲಿಗೆ ಎಲ್ಲ ಮುಗಿದಿತ್ತು. ಕೆಲಸ ಉಳಿದಿತ್ತು, ಅಪ್ಪನ ಹೆಸರೂ ಉಳಿದಿತ್ತು. ನಾಳೆ ಡಾಂಬರು ಬಿದ್ದರೆ ಮಳೆಗಾಲದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನೀನು ನನ್ನ ಕಿವಿಯಲ್ಲಿ ಕೂತಿದ್ದೀಯಲ್ಲ, ಮಾರಾಯ್ತಿ. ಮಳೆ ಏನು ಕನ್ನಡಕ ಒರೆಸಿಕೊಳ್ಳುತ್ತ ನಿಲ್ಲುತ್ತದೆಯೇ? ಒಂದು ಕೈಯಲ್ಲಿ ಬೀಡಿ ಕಟ್ಟು ಹಿಡಿದುಕೊಂಡೇ ಕೂಗಿದೆ, "ಸಾರ್!" ಅವರು ತಿರುಗಿದರು. ಇಳಿಜಾರು ತಪ್ಪಾಗಿದೆ ಸಾರ್, ಇದು ಅರ್ಧ ರಸ್ತೆ, ನಾವು ಇಡೀ ರಸ್ತೆ ಎಂದು ಮಾಡಿದ್ದೇವೆ, ಅಳೆಯದೆ ಪಾಸ್ ಮಾಡಿದ್ದು ನಾನು, ತಪ್ಪು ನನ್ನದು ಎಂದೆ. ಹಿಂದಿಯಲ್ಲಿ ಶುರು ಮಾಡಿ, ತೆಲುಗಿನಲ್ಲಿ ಮುಂದುವರಿಸಿ, ಗಾಬರಿಯಲ್ಲಿ ಕನ್ನಡದಲ್ಲಿ ಮುಗಿಸಿದೆ.

ನಗು ನಿಂತುಹೋಯಿತು. ಸಾಹೇಬರು ರಸ್ತೆಯನ್ನು ನೋಡಿದರು. ಬಗ್ಗಿ ಕಣ್ಣು ಕಿರಿದು ಮಾಡಿ ಉದ್ದಕ್ಕೂ ನೋಡಿದರು. ನೆಲದಲ್ಲಿ ಕೂತಿದ್ದ ಅಪ್ಪನನ್ನು ನೋಡಿದರು. ನನ್ನ ಕೈಯಲ್ಲಿದ್ದ ಬೀಡಿ ಕಟ್ಟನ್ನೂ ನೋಡಿದರು ಎಂದು ನನ್ನ ಅನುಮಾನ. ಆಮೇಲೆ ಒಂದೇ ಮಾತು: "ಕಿತ್ನೇ ದಿನ್?" ಎಷ್ಟು ದಿನ ಬೇಕು ಎಂದರ್ಥ. ಮೂರು ದಿನ ಸಾರ್ ಎಂದೆ. ಕೆಳಗಿನಿಂದ ಅಪ್ಪ, ಮೀಸೆಯ ನೀರು ಒರೆಸಿಕೊಳ್ಳುತ್ತ, ಎರಡು ಬೆರಳು ಎತ್ತಿ "ದೋ!" ಎಂದ.

ಎರಡೇ ದಿನ, ಅತ್ತೀ. ಮೊದಲ ಗುದ್ದಲಿ ಪೆಟ್ಟು ಹಾಕಿದವನು ಅಪ್ಪನೇ. ತಾನು ಮಾಡಿದ ಬೆನ್ನನ್ನು ತಾನೇ ಒಡೆಯುವಾಗ ಎಲ್ಲಿ ಸಿಟ್ಟಾಗುತ್ತಾನೋ ಎಂದು ನಾವು ಹೆದರಿದ್ದರೆ, ಆತ ಹಾಡು ಗುನುಗುತ್ತಿದ್ದ! "ನಲವತ್ತ ವರ್ಷ ಆತು ಸಡಕ ಮಾಡಾಕತ್ತು. ಅರ್ಧಾ ಸಡಕ ಇದ ಮೊದಲ್ನೇದು ನೋಡ್ರಿ" ಎಂದು ಹೇಳಿ ಎಲ್ಲರನ್ನೂ ನಗಿಸಿದ. ನಾನೂ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ ಸಲಿಕೆ ಹಿಡಿದೆ. ಕೈಯಲ್ಲಿ ಬೊಬ್ಬೆಗಳು ಎದ್ದಿವೆ. ಪೆನ್ನು ಹಿಡಿದರೆ ಉರಿಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಗೋದಾವರಿ ಸಹಿಸಿಕೊಳ್ಳಲಿ.

ಗುರುವಾರ ಚಹಾ ಕುಡಿಯುವಾಗ ಅಪ್ಪನನ್ನು ನೇರವಾಗಿ ಕೇಳಿದೆ, ಬೇಕಂತಲೇ ಬಿದ್ದೆಯಲ್ಲ ಎಂದು. ಅಪ್ಪ ಚಹಾ ಊದುತ್ತ, "ಯಾರ ಕಡಿ ಕಲ್ತೀನಿ ಅಂತ ಕೇಳು" ಎಂದ. "ಬಂಡ್ಲಪಲ್ಲಿ ಸಡಕಿನ ಮ್ಯಾಲ ಯಂಕಿ ಬಿದ್ಲಲ್ಲ, ಅಕಿ ಜಾರಿಲ್ಲ ಭಾಗೀ. ಬೀಳೂಕಿಂತ ಮೊದ್ಲ ಚಂಚಿ ತಗದು ಕಲ್ಲಿನ ಮ್ಯಾಲ ಇಟ್ಟಿದ್ಲು. ನಾ ನೋಡೀನಿ." ಅಯ್ಯೋ ದೇವರೇ! ಇಪ್ಪತ್ತೊಂದು ವರ್ಷ ಒಂದೇ ಸೂರಿನ ಕೆಳಗೆ, ಅಪ್ಪ ತನಗೊಬ್ಬನಿಗೇ ಗೊತ್ತು ಎಂದುಕೊಂಡು, ನಾನು ನನಗೊಬ್ಬಳಿಗೇ ಗೊತ್ತು ಎಂದುಕೊಂಡು ಬದುಕಿದ್ದೇವೆ. ಇಬ್ಬರೂ ಚಹಾ ಚೆಲ್ಲಿಕೊಂಡು ನಕ್ಕೆವು. ನಗು ಮುಗಿದ ಮೇಲೆ ಅಪ್ಪ ಹೇಳಿದ ಮಾತನ್ನು ಇದ್ದಹಾಗೇ ಬರೆಯುತ್ತೇನೆ. ಗೋದಾವರೀ, ಇಲ್ಲಿ ನಿಧಾನ ಓದು. "ಆವತ್ತ ನಿಮ್ಮವ್ವನ ನೆನಪಿನಾಗ ನನ್ನ ಕೈ ತಪ್ಪಿತ್ತು. ಅಕಿ ನನ್ನ ಮರ್ಯಾದಿ ಉಳಸಾಕ ಬಿದ್ಲು, ಮೂರು ತಿಂಗಳ ನಡಾ ಹಿಡ್ಕೊಂಡು ತಿರುಗಿದ್ಲು. ಭಾಳ ಉಪಕಾರ ಆತು ಯಂಕಿ ಅನ್ನಾಕ ನನ್ನ ಬಾಯಿ ಬರಲೇ ಇಲ್ಲ. ನೀ ಕಾಗದಾ ಬರದ್ರ ಒಂದ ಮಾತು ಹಾಕಿಬಿಡು."

ಹಾಕಿದ್ದೇನೆ.

ಶುಕ್ರವಾರ ಸಂಜೆ ಲೆವೆಲ್ ಮಷೀನಿಟ್ಟು ಅಳೆದೆ. ಅಪ್ಪನೇ ಇಡು ಎಂದ. ಆಮೇಲೆ ಕೊಡ ಸುರಿದೆ. ನೀರೆಲ್ಲ ಒಂದೇ ಕಡೆ ಓಡಿತು. ಸರಿಯಾಗಿತ್ತು, ಆದರೆ ಯಾರೂ "ಬೆನ್ನು ಬಂತು" ಎನ್ನಲಿಲ್ಲ. ನಮ್ಮವರ ಕಣ್ಣಿಗೆ ಅದು ಊಟಕ್ಕೆ ಕೂರಿಸಿ ಅರ್ಧಕ್ಕೇ ಎಬ್ಬಿಸಿದಂತಿತ್ತು. ಅಪ್ಪ ಡಿವೈಡರ್ ಬರುವ ಜಾಗದಲ್ಲಿ ನಿಂತು ಈ ಕಡೆ ನೋಡಿದ, ಇನ್ನೂ ಆಗದ ಆ ಕಡೆ ನೋಡಿದ. ತಟ್ಟನೆ ತೊಡೆ ತಟ್ಟಿದ. "ಏ! ಆ ಕಡಿದು ಆ ಕಡಿಗಿ ಇಳೀತೈತಿ, ಈ ಕಡಿದು ಈ ಕಡಿಗಿ ಇಳೀತೈತಿ. ನಡುವ ಎತ್ತರ. ಇದ ನಮ್ಮ ಬೆನ್ನ ಐತಲ್ರೋ, ಭಾಳ ಅಗಲ ಮಾಡ್ಯಾರ ಅಷ್ಟ!" ನಾನು ಡಿಪ್ಲೊಮಾ ಓದಿದವಳು, ನಕ್ಷೆಯನ್ನು ನೂರು ಸಲ ನೋಡಿದವಳು. ನನಗೆ ಅದು ಹೊಳೆದಿರಲಿಲ್ಲ. ಎಲ್ಲರೂ ಸೇರಿ ಬಾಯಿ ತುಂಬ ಕೂಗಿದೆವು. ಬಂಡೆಯ ಆಚೆಯ ಗಾಜಿನ ಕಟ್ಟಡದಿಂದ ನಾಲ್ಕು ಜನ ಹುಡುಗರು ಕಿಟಕಿಗೆ ಬಂದು ನೋಡಿದರು.

ಇನ್ನು ನಿನ್ನೆಯ ಮಾತು. ಬೆಳಿಗ್ಗೆ ಜೋರು ಮಳೆ ಬಂದು ನಿಂತಿತ್ತು. ರಾಮದಾಸ ಸಾಹೇಬರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಬಂಡ್ಲಪಲ್ಲಿಯ ರಸ್ತೆ, ಅತ್ತೀ! ಅದೇ ಸೀತಾಫಲದ ಗಿಡಗಳು, ಅದೇ ತಿರುವು. ಅಲ್ಲಲ್ಲಿ ಕಿತ್ತಿದೆ, ಅಂಚು ಸವೆದಿದೆ. ಆದರೆ ಎಲ್ಲಿಯೂ ನೀರು ನಿಂತಿರಲಿಲ್ಲ. ಎರಡೂ ಕಡೆ ಗಟಾರದಲ್ಲಿ ಗುಳುಗುಳು ಓಡುತ್ತಿತ್ತು. ಸಾಹೇಬರು ಇಳಿದು ಬೂಟಿನಿಂದ ರಸ್ತೆ ಕುಟ್ಟಿ ನೋಡಿ, ಇದನ್ನು ಮಾಡಿದವರು ಯಾರಿರಬಹುದು ಎಂದರು. ಮೊನ್ನೆ ಬಿದ್ದವರನ್ನು ನೋಡಿ ನೀವು ನಕ್ಕಿರಲ್ಲ ಸಾರ್, ಅವರೇ ಎಂದೆ. ಈ ಹಳ್ಳಿಯ ರಸ್ತೆಯನ್ನು ಅಗೆಯುವುದಿಲ್ಲವಂತೆ. ಹೀಗೇ ಇಟ್ಟುಕೊಂಡು ಮೇಲೊಂದು ಹೊಸ ಪದರ ಹಾಕುತ್ತಾರಂತೆ. ಮನೆಗಳ ನಡುವೆ ಮಷೀನು ಹೋಗುವುದಿಲ್ಲ, ಕೈಕೆಲಸವೇ ಆಗಬೇಕು. ಗ್ಯಾಂಗಿಗೆ ಈ ರಸ್ತೆ, ಆಮೇಲೆ ದೊಡ್ಡ ರಸ್ತೆಯ ಇನ್ನೊಂದು ಮಗ್ಗುಲು. ಎರಡನ್ನೂ ಮಾಡಿಸುವವಳು ನಾನು, ಈಗ ಪರ್ಮನೆಂಟ್ ಸೂಪರ್‌ವೈಸರ್. "ಇಸ್ ಬಾರ್ ನಾಪ್ಕೇ," ಈ ಸಲ ಅಳೆದು ಮಾಡಿಸು ಎಂದು ನಕ್ಕು ಕೈಗೆ ಕಾಗದ ಕೊಟ್ಟರು.

ಆ ಕಾಗದ ಓದುವಾಗ ನನಗೆ ನೆನಪಾದದ್ದು ನೀನು. ಫ್ಯಾಕ್ಟರಿ ಕಾಲೊನಿಯ ಹತ್ತಿರ ನಾವು ಡೇರೆ ಹಾಕಿದ್ದಾಗ ನೀನು ಕಮಲಾಕ್ಷಿ ಟೀಚರ್ ಮನೆಯ ಬಾಗಿಲಿಗೆ ನನ್ನನ್ನು ಎಳೆದುಕೊಂಡು ಹೋಗಿ, "ಬಾಯಾರ, ಈ ಹುಡುಗಿಗಿ ನಾಕ ಅಕ್ಷರ ಕಲಸ್ರಿ. ನಿಮ್ಮ ಮನಿಗಿ ದಿನಾ ಎರಡು ಕೊಡ ನೀರು ನಾ ತಂದ ಹಾಕ್ತೀನ್ರಿ" ಎಂದೆ. ನಲ್ಲಿಯಲ್ಲಿ ನೀರೇ ಬಾರದ ಬೇಸಿಗೆ ಅದು. ಎರಡು ವರ್ಷ ತಂದು ಹಾಕಿದೆ. ಈ ಪತ್ರದ ಒಂದೊಂದು ಅಕ್ಷರವೂ ನಿನ್ನ ತಲೆಯ ಮೇಲೆ ಬಂದದ್ದು. ಇದನ್ನು ನಾನೂ ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಅಪ್ಪನ ಮಗಳೇ ತಾನೇ ನಾನು.

ಈಗ ಕೇಳು. ದಸರಾ ಮುಗಿದ ಮೇಲೆ ಬಂಡ್ಲಪಲ್ಲಿಯ ಕೆಲಸ ಶುರುವಾಗಿ ದೀಪಾವಳಿಯ ಹೊತ್ತಿಗೆ ಮೊದಲ ತುಂಡು ಮುಗಿಯುತ್ತದೆ. ಅದು ಇಡೀ ರಸ್ತೆ, ಇಡೀ ಬೆನ್ನು. ಕೊಡ ಸುರಿಯುವುದಕ್ಕೆ ನೀನು ಬರಬೇಕು. ಮೊಣಕಾಲು ನೋವು, ಮೊಮ್ಮಗನ ಶಾಲೆ, ಭಜಿಯ ಗಿರಾಕಿ, ಒಂದು ನೆಪವೂ ನಡೆಯುವುದಿಲ್ಲ. ಗೋದಾವರಿ ನಿನಗಿಂತ ಚೆನ್ನಾಗಿ ಭಜಿ ಕರಿಯುತ್ತಾಳೆ ಎಂದು ಊರಿಗೆಲ್ಲ ಗೊತ್ತು. ಸೇಡಂನಲ್ಲಿ ರೈಲು ಹತ್ತು, ನಾಂಪಲ್ಲಿಯಲ್ಲಿ ಇಳಿ. ಅಪ್ಪ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿರುತ್ತಾನೆ. ದೀಪಾವಳಿಗೆ ಇನ್ನೂ ಏಳು ವಾರ ಇರುವಾಗಲೇ ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದಾನೆ. ಯಾಕೆ ಎಂದು ಕೇಳಿದರೆ ಸಿಡುಕುತ್ತಾನೆ. ನಾನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಸೊಸೆಯ ಮುಂದೆ ನಿನಗೆ ನಾಚಿಕೆಯಾದೀತು.

ಕೊಡ ನಾನು ತಂದಿಟ್ಟಿದ್ದೇನೆ. ನೀನು ಚಂಚಿ ಒಂದನ್ನು ತಂದರೆ ಸಾಕು. ಈ ಸಲ ಅದನ್ನು ತೆಗೆದು ಕಲ್ಲಿನ ಮೇಲೆ ಇಡಬೇಡ. ಸೊಂಟದಲ್ಲೇ ಇರಲಿ.

ನೀನು ನಡೆಯುವ ದಾರಿಯಲ್ಲಿ ಎಲ್ಲಿಯೂ ನೀರು ನಿಲ್ಲದಿರಲಿ, ಅತ್ತೀ.

ನಿನ್ನ ಹಾದಿ ನೋಡುತ್ತಿರುವ,
ಭಾಗಿ
(ಮುಕಾದಮ ಅಂಬಣ್ಣನ ಮಗಳು, ನೀರಿನ ಯಂಕಮ್ಮ ಬೆಳೆಸಿದವಳು)